ರಂಗದ ಮೇಲಿನ ಕಿಡಿಬುಗ್ಗೆ
2003ರ ಫೆಬ್ರವರಿ 20ರ ರಾತ್ರಿ, ಅಮೆರಿಕದ ರೋಡ್ ಐಲೆಂಡಿನ ‘ಸ್ಟೇಷನ್’ ನೈಟ್‌ಕ್ಲಬ್ಬಿನಲ್ಲಿ, ಅನುಮತಿಯಿಲ್ಲದೆ ಹೊತ್ತಿಸಿದ ಕಿಡಿಬುಗ್ಗೆಗಳಿಂದ ರಂಗದ ಸುತ್ತಲ ಗೋಡೆಗಳಿಗೆ ಹೊದಿಸಿದ್ದ ಪಾಲಿಯುರಿಥೇನ್ ಫೋಮು ಉರಿದೆದ್ದು 100 ಜನ ಮೃತರಾದರು. ಕಿಡಿಗಿಂತಲೂ ಗೋಡೆಯೇ ಘೋರತರವಾಗಿ ಪರಿಣಮಿಸಿತೆಂಬುದನ್ನು ರಂಗದ ಮೇಲೆ ಕಿಡಿಬುಗ್ಗೆ ಹೊತ್ತಿಸುವ ವಿದ್ಯೆಯ ಅಭ್ಯಾಸಿಯು ಮೊದಲು ಮನಗಾಣತಕ್ಕದ್ದು. ಒಳಾಂಗಣ ಪ್ರದರ್ಶನಗಳಿಗೂ ಅನ್ವಯಿಸುವ ಅಲ್ಲಿಯ ಎನ್‌ಎಫ್‌ಪಿಎ 1126 ಎಂಬ ನಿಯಮಸಂಹಿತೆಯು ಅನುಮತಿಪತ್ರವನ್ನೂ, ಲಿಖಿತ ಯೋಜನೆಯನ್ನೂ, ಸನ್ನದ್ಧವಾದ ಅಗ್ನಿಶಾಮಕಗಳನ್ನೂ, ಅಧಿಕಾರಿಗಳು ಅಪೇಕ್ಷಿಸಿದಲ್ಲಿ ಅವರ ಸಮಕ್ಷಮ ಪೂರ್ವಪ್ರದರ್ಶನವನ್ನೂ ವಿಧಿಸುವುದಲ್ಲದೆ, ಪ್ರೇಕ್ಷಕರಿಗೂ ಉಪಕರಣಕ್ಕೂ ನಡುವೆ 15 ಅಡಿ, ಇಲ್ಲವೆ ಕಿಡಿಯುದುರುವ ತ್ರಿಜ್ಯದ ಇಮ್ಮಡಿ, ಇವೆರಡರಲ್ಲಿ ಹೆಚ್ಚಿನದಷ್ಟು ಅಂತರವಿರಬೇಕೆನ್ನುತ್ತದೆ. ಬೇಸರದ ಪಟ್ಟಿಯೆನ್ನುವಿರೇನೊ, ಆ ರಾತ್ರಿ ಇದರಲ್ಲಿ ಮೊದಲನೆಯದನ್ನೇ ಕೇಳಿದ್ದರೆ ಯಾರಾದರೊಬ್ಬರು ಫೋಮನ್ನು ಗಮನಿಸಬಹುದಿತ್ತು. ಕಲಿಯುವ ಉತ್ಸಾಹವುಳ್ಳವರೇ, ಸಿಡಿಮದ್ದನ್ನು ಮನೆಯಲ್ಲಿ ಅರೆಯಬೇಡಿ; ಪರವಾನಗಿ ಪಡೆದ ನಿಪುಣರೊಬ್ಬರ ಕೈಕೆಳಗೆ ಸಹಾಯಕರಾಗಿ ಸೇರಿರಿ.