ಬಿದರಿಯ ಕಪ್ಪು ಮತ್ತು ಮೋಲಿನ ಲೆಕ್ಕ

ಬೀದರ ನಗರದ ಬಿದರಿ ಪಾತ್ರೆಗಳನ್ನು ನೋಡಿದವರು ಕಪ್ಪು ಮೈಯ ಮೇಲೆ ಮಿನುಗುವ ಬೆಳ್ಳಿಯ ಹೂಬಳ್ಳಿಗಳನ್ನು ಮೆಚ್ಚುತ್ತಾರೆ. ಆ ಬೆಳ್ಳಿಗೆ ಹಿನ್ನೆಲೆಯಾಗಿ ನಿಂತ ಲೋಹವನ್ನು ಗಮನಿಸುವವರು ಕಡಿಮೆ. ಅದು ಸತು ಮತ್ತು ತಾಮ್ರಗಳ ಮಿಶ್ರಲೋಹ. ಸಾಮಾನ್ಯವಾಗಿ ಒಂದು ಪಾಲು ತಾಮ್ರಕ್ಕೆ ಹದಿನಾರು ಪಾಲು ಸತುವನ್ನು ಸೇರಿಸಿ ಕರಗಿಸಿ ಎರಕ ಹೊಯ್ಯುತ್ತಾರೆ.

ಎರಕದ ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿದಾಗ ಅದು ಬೆಳ್ಳಗೆ ಹೊಳೆಯುತ್ತದೆ. ಹೊಳೆಯುವ ಮೈಯ ಮೇಲೆ ಗೀಚಿದ ಗೆರೆ ಕಣ್ಣಿಗೆ ಸರಿಯಾಗಿ ಕಾಣದು. ಆದುದರಿಂದ ಕುಶಲಕರ್ಮಿಯು ಅದಕ್ಕೆ ಮೈಲುತುತ್ತದ ದ್ರಾವಣವನ್ನು ಸವರುತ್ತಾನೆ. ಮೈ ಕಪ್ಪಾಗುತ್ತದೆ; ಉಕ್ಕಿನ ಮೊನೆಯಿಂದ ಕೊರೆದ ಚಿತ್ತಾರವು ಅದರ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ. ಈ ಕಪ್ಪು ತಾತ್ಕಾಲಿಕವಾದುದು. ಕೊನೆಗೆ ಬರುವ ಶಾಶ್ವತ ಕಪ್ಪಿಗೆ ಬೀದರ ಕೋಟೆಯ ಹಳೆಯ ಮಣ್ಣೂ ನವಸಾಗರವೂ ಬೇಕು; ಅದರ ಕಥೆಯೇ ಬೇರೆ.

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು. ಸತುವು ತಾಮ್ರಕ್ಕಿಂತ ಹೆಚ್ಚು ಪಟುವಾದ ಲೋಹವಾದುದರಿಂದ ಅದು ತಾಮ್ರವನ್ನು ಹೊರದೂಡಿ ತಾನು ದ್ರಾವಣವನ್ನು ಸೇರುತ್ತದೆ. ಹೊರಬಿದ್ದ ತಾಮ್ರವು ಅತಿ ಸಣ್ಣ ಕಣಗಳಾಗಿ ಪಾತ್ರೆಯ ಮೈಗೆ ಅಂಟಿ ಕಪ್ಪಾಗಿ ತೋರುತ್ತದೆ.

ಸತು + ತಾಮ್ರದ ಸಲ್ಫೇಟ್ → ಸತುವಿನ ಸಲ್ಫೇಟ್ + ತಾಮ್ರ

25 ಗ್ರಾಂ ಮೈಲುತುತ್ತವು ಪೂರ್ಣವಾಗಿ ವರ್ತಿಸಲು ಎಷ್ಟು ಸತು ಬೇಕು? ಸಮೀಕರಣದಲ್ಲಿ ಒಂದಕ್ಕೆ ಒಂದು ಎಂದಿರುವುದರಿಂದ 25 ಗ್ರಾಂ ಎಂದು ಉತ್ತರಿಸುವ ವಿದ್ಯಾರ್ಥಿಗಳುಂಟು. ಆದರೆ ಸಮೀಕರಣವು ತೂಕವನ್ನು ಹೇಳುವುದಿಲ್ಲ, ಎಣಿಕೆಯನ್ನು ಹೇಳುತ್ತದೆ. ತಕ್ಕಡಿಗೋ ಎಣಿಸಲು ಬಾರದು, ತೂಗಲು ಮಾತ್ರ ಬರುತ್ತದೆ. ಇವೆರಡರ ನಡುವಿನ ಸೇತುವೆಯೇ ಮೋಲ್. ಒಂದು ಮೋಲ್ ಎಂದರೆ 6.022 × 10²³ ಕಣಗಳು. ಅಷ್ಟು ಸತುವಿನ ಪರಮಾಣುಗಳು 65.4 ಗ್ರಾಂ ತೂಗುತ್ತವೆ. ಅಷ್ಟೇ ತಾಮ್ರದ ಪರಮಾಣುಗಳು 63.5 ಗ್ರಾಂ.

ಇಲ್ಲಿ ಎಡವುವ ಇನ್ನೊಂದು ಜಾಗವಿದೆ. ತಾಮ್ರದ ಸಲ್ಫೇಟಿನ ಒಂದು ಮೋಲಿನ ತೂಕ 159.5 ಗ್ರಾಂ. ನೀಲಿ ಹರಳಿನಲ್ಲಿ ಅದರೊಡನೆ ಐದು ಮೋಲ್ ನೀರೂ, ಎಂದರೆ 90 ಗ್ರಾಂ, ಅಡಗಿರುತ್ತದೆ. ಒಟ್ಟು 249.5 ಗ್ರಾಂ. ಆದ್ದರಿಂದ 25 ಗ್ರಾಂ ಹರಳು ಸುಮಾರು 0.1 ಮೋಲ್. ನೀರನ್ನು ಮರೆತವನಿಗೆ ಅದು 0.157 ಮೋಲ್ ಎಂದು ತೋರಿ, ಮುಂದಿನ ಲೆಕ್ಕವೆಲ್ಲ ಒಂದೂವರೆಪಟ್ಟು ಉಬ್ಬುತ್ತದೆ.

0.1 ಮೋಲಿಗೆ 0.1 ಮೋಲ್ ಸತು ಸಾಕು, ಅದು 6.54 ಗ್ರಾಂ. ಹೊರಬರುವ ತಾಮ್ರ 6.35 ಗ್ರಾಂ. ಆ ತಾಮ್ರವೆಲ್ಲ ಪಾತ್ರೆಗೇ ಅಂಟಿದರೆ ಪಾತ್ರೆಯು ಹಗುರಾಗುವುದು 0.19 ಗ್ರಾಂ ಮಾತ್ರ. ಕುಶಲಕರ್ಮಿಯು ಬಟ್ಟೆಯ ತುಂಡಿನಿಂದ ಸವರುವ ದ್ರಾವಣದಲ್ಲಿ ಇಷ್ಟು ತುತ್ತವೂ ಇರುವುದಿಲ್ಲ.