ಒಂದೇ ಪಂಕ್ತಿಯಲ್ಲಿ ಕೂತ ಗುರು

1834ರಲ್ಲಿ ಮಂಗಳೂರಿಗೆ ಬಂದಾಗ ಸ್ಯಾಮ್ಯುವೆಲ್ ಹೆಬಿಕ್ ಅವರಿಗೆ 31 ವರ್ಷ. ಎರಡು ವರ್ಷದ ಮೇಲೆ ಬಂದ ಹೆರ್ಮನ್ ಮೋಗ್ಲಿಂಗ್ ಅವರಿಗೆ 25. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ ಬರೀ 21. ಬಾಸೆಲ್ ಮಿಷನ್ನಿನ ಈ ಹೆಸರುಗಳನ್ನು ಹೇಳಿದೊಡನೆ ನಮ್ಮ ಕಣ್ಣಮುಂದೆ ಬರುವುದು ಗಡ್ಡ ಬಿಟ್ಟ ಮುದುಕರ ಫೋಟೋಗಳು. ಹಡಗಿನಿಂದ ಇಳಿದವರು ಮಾತ್ರ ತರುಣರು. ನುಡಿ ತಿಳಿಯದು, ಬಿಸಿಲು ಹೊಸದು, ಊಟ ಹೊಸದು, ಹೆತ್ತವರು ಏಳು ಕಡಲಾಚೆ. ಅಂಥ ತರುಣರನ್ನು ಪರದೇಶದಲ್ಲಿ ಹಿಡಿದು ನಡೆಸಿದವರು ಯಾರು, ಹೇಗೆ ನಡೆಸಿದರು ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಅದಕ್ಕೆ ಕಾರಣವಿದೆ. ನಾನು ಅಕ್ಕಲಕೋಟ ತಾಲೂಕಿನ ಚಪಳಗಾಂವದವನು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿ ದುಡಿದು ನಿವೃತ್ತನಾದವನು. ನಮ್ಮ ಕಡೆ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಹೊಲದಲ್ಲಿ ಕನ್ನಡ ಮಾತಾಡಿದವ ಸೊಲ್ಲಾಪುರದ ಎಸ್‌ಟಿ ಸ್ಟ್ಯಾಂಡಿನಲ್ಲಿ ಇಳಿದಕೂಡಲೇ ಮರಾಠಿಗೆ ಹೊರಳುತ್ತಾನೆ. ಇಂಥ ಊರಿಗೆ ದೂರದಿಂದ ಬರುವ ಎಳೆಯ ಶಿಕ್ಷಣ ಸೇವಕರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮಹಾರಾಷ್ಟ್ರದಲ್ಲಿ ಹೊಸ ಶಿಕ್ಷಕರು ಮೊದಲ ಮೂರು ವರ್ಷ ಕಡಿಮೆ ಮಾನಧನದ ಮೇಲೆ ಈ ಹೆಸರಿನಲ್ಲಿ ದುಡಿಯಬೇಕು. ಕೊಂಕಣದ ಕಡೆಯಿಂದ ಮರಾಠಿ ಶಾಲೆಗೆ ಬಂದ ಒಬ್ಬ ಹುಡುಗ, ಮಕ್ಕಳು ತನ್ನ ಹತ್ತಿರ ಬಾಯಿಯೇ ಬಿಡುವುದಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದ. ನಾನು ಹೇಳಿದ್ದು ಇಷ್ಟೇ: “ಮೊದಲ ಅವರ ಮನಿಗೆ ಹೋಗಪಾ. ಕಟ್ಟಿ ಮ್ಯಾಲೆ ಕುಂಡ್ರು. ಕೊಟ್ಟ ರೊಟ್ಟಿ ಉಣ್ಣು. ಅವರ ಮಾತು ನಿನ್ನ ಕಿವಿಗೆ ಬೀಳಲಿ. ಆಮ್ಯಾಲೆ ನಿನ್ನ ಮಾತು ಅವರ ಕಿವಿಗೆ ಬೀಳ್ತದ.”

ಮೋಗ್ಲಿಂಗ್ ಅವರ ಬದುಕನ್ನು ಓದುವಾಗ ಈ ಮಾತೇ ನನಗೆ ಮತ್ತೆ ಮತ್ತೆ ಎದುರಾಯಿತು.

ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಷನ್ ಹುಟ್ಟಿತು. ಅದರ ತರಬೇತಿ ಶಾಲೆಗೆ ಸೇರುತ್ತಿದ್ದವರಲ್ಲಿ ಬಹುಪಾಲು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕಸುಬುದಾರರ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿಯ ಸನದು 1833ರಲ್ಲಿ ಹೊಸದಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹೊರಟು ಅಕ್ಟೋಬರ್ 14ರಂದು ಕಲ್ಲಿಕೋಟೆಗೆ, ಅದೇ ತಿಂಗಳ ಕೊನೆಗೆ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ನೆಲೆಗಳು ಒಳನಾಡಿಗೆ ಹಬ್ಬಿದವು.

ಈ ನೆಲೆಗಳಲ್ಲಿದ್ದ ತರುಣರನ್ನು ನಡೆಸುವ ಹಗ್ಗ ಮೂರು ಕೈಗಳಲ್ಲಿತ್ತು. ಮೊದಲನೆಯದು ಬಾಸೆಲ್ಲಿನ ಸಮಿತಿ. ಯಾರು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ಮದುವೆಗೂ ಅದರ ಅಪ್ಪಣೆ ಬೇಕು. ತರುಣರು ಮದುವೆಯಿಲ್ಲದೆ ಹೊರಡಬೇಕು, ಕೆಲವು ವರ್ಷ ದುಡಿದ ಮೇಲೆ ಕೇಳಿಕೊಳ್ಳಬೇಕು, ಸಮಿತಿ ಒಪ್ಪಿದ ಕನ್ಯೆ ಹಡಗಿನಲ್ಲಿ ಬರಬೇಕು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಒಂದು ಪತ್ರ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಇಲ್ಲಿ ಒಬ್ಬ ಹುಡುಗ ಜ್ವರದಿಂದ ಮಲಗಿ, ಎದ್ದು, ಮತ್ತೆ ಕೆಲಸಕ್ಕೆ ಹೋದ ಮೇಲೆ ಅವನಿಗೆ ಏನು ಮಾಡಬೇಕೆಂಬ ಸಲಹೆ ಅಲ್ಲಿಂದ ಬರುತ್ತಿತ್ತು. ಮಿಷನ್ನಿನ ಮುಖ್ಯಸ್ಥರಾದ ಯೋಸೆಫ್ ಯೋಸೆನ್‌ಹಾನ್ಸ್ ಅವರು 1851–52ರಲ್ಲಿ ತಾವೇ ಇಲ್ಲಿಗೆ ಬಂದು ನೆಲೆಗಳನ್ನು ನೋಡಿದರು, ಆಡಳಿತವನ್ನು ಬಿಗಿ ಮಾಡಿದರು. ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟಾಯಿತು.

ಎರಡನೆಯ ಕೈ ಹೆಬಿಕ್ ಅವರದು. ಬತ್ತದ ಉತ್ಸಾಹ, ಗುಡುಗುವ ದನಿ, ತನಗಾಗಿ ಏನನ್ನೂ ಬಯಸದ ಮನುಷ್ಯ. ಮದುವೆಯಾಗಲಿಲ್ಲ. ಜಾತ್ರೆಗಳಿಗೆ ಹೋಗಿ ಜನಜಂಗುಳಿಯ ನಡುವೆ ನಿಂತು ಬೋಧಿಸುತ್ತಿದ್ದರು. 1841ರಿಂದ ಕಣ್ಣೂರಿನಲ್ಲಿ ನೆಲೆಸಿ, 1859ರಲ್ಲಿ ಹಿಂದಿರುಗುವವರೆಗೂ ದಣಿವರಿಯದೆ ದುಡಿದರು. ಆದರೆ ಇಲ್ಲಿಯ ನುಡಿಗಳು ಅವರಿಗೆ ಕೊನೆಯವರೆಗೂ ಚೆನ್ನಾಗಿ ಒಲಿಯಲಿಲ್ಲ. ದುಭಾಷಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡೇ ಮಾತಾಡುತ್ತಿದ್ದರು. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪರನಾಡಿನಲ್ಲಿ ಎಳೆಯರು ಕಲಿಯಬೇಕಾದ ಮೊದಲ ಪಾಠ ನುಡಿ. ಆ ಪಾಠವನ್ನು ಅವರಿಂದ ಪಡೆಯಲಾಗುತ್ತಿರಲಿಲ್ಲ.

ಮೂರನೆಯ ಕೈ ಮೋಗ್ಲಿಂಗ್ ಅವರದು. ನನ್ನ ಮನಸ್ಸು ನಿಲ್ಲುವುದು ಇಲ್ಲಿ.

ಮೋಗ್ಲಿಂಗ್ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮಲಯಾಳಕ್ಕೆ ನಿಘಂಟು ಕೊಟ್ಟ ಹೆರ್ಮನ್ ಗುಂಡರ್ಟ್ ಅವರ ಗೆಳೆಯ. ಬಂದವರೇ ಕನ್ನಡ ಕಲಿಯಲು ಕೂತರು. 1840ರ ದಶಕದಲ್ಲಿ ಮಂಗಳೂರಿನ ಬಲ್ಮಠ ಗುಡ್ಡದ ಮೇಲೆ, ಕಲೆಕ್ಟರ್ ಬ್ಲೇರ್ ಅವರು ಮಿಷನ್ನಿಗೆ ಕೊಟ್ಟ ಬಂಗಲೆಯಲ್ಲಿ, ಮುಂದೆ ಬೋಧಕರಾಗಬೇಕಾದ ಹುಡುಗರಿಗೆ ಪಾಠ ಶುರುವಾಯಿತು. ಸಾಹೇಬರು ಒಂದು ಮನೆಯಲ್ಲಿ, ಹುಡುಗರು ಹಿತ್ತಲಿನ ಕೋಣೆಯಲ್ಲಿ ಎಂಬ ಪದ್ಧತಿಯನ್ನು ಮೋಗ್ಲಿಂಗ್ ಇಟ್ಟುಕೊಳ್ಳಲಿಲ್ಲ. ಹುಡುಗರಿದ್ದ ಮನೆಯಲ್ಲೇ ಇದ್ದರು, ಅವರು ಉಂಡದ್ದನ್ನೇ ಉಂಡರು, ಈ ನಾಡಿನ ಬಟ್ಟೆ ತೊಟ್ಟರು. ಬೇರೆ ಬೇರೆ ಜಾತಿಯ ಮನೆಗಳಿಂದ ಬಂದ ಹುಡುಗರು ಒಟ್ಟಿಗೆ ಉಣ್ಣುವುದೇ ಆ ಕಾಲಕ್ಕೆ ದೊಡ್ಡ ಸಂಗತಿ. ಅವರ ಜೊತೆ ಆಳುವವರ ಬಣ್ಣದ ಗುರುವೂ ಕೂತದ್ದು ಇನ್ನೂ ದೊಡ್ಡದು. ನಮ್ಮಲ್ಲಿ ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಒಂದೇ ನೊಗಕ್ಕೆ ಕಟ್ಟುತ್ತಾರೆ. ಬಾರುಕೋಲು ಕಲಿಸದ್ದನ್ನು ಪಕ್ಕದ ಹೆಗಲು ಕಲಿಸುತ್ತದೆ.

ಆ ಒಡನಾಟದ ಫಲವನ್ನು ಕನ್ನಡಿಗರೆಲ್ಲ ಬಲ್ಲರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು ಮೋಗ್ಲಿಂಗ್. ಕಲ್ಲಚ್ಚಿನಲ್ಲಿ ಮುದ್ರಿಸಿದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಹಾಳೆಗಳಲ್ಲಿ ಊರ ಸುದ್ದಿ, ಸರಕಾರದ ಸುದ್ದಿ, ಗಾದೆ, ದಾಸರ ಪದ ಎಲ್ಲವೂ ಇದ್ದವು. ಓದುಗರಿಗೆ ಏನು ಬೇಕೆಂಬುದು ಅವರ ನಡುವೆ ಇದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಮುಂದೆ ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ, 1848ರಿಂದ ಕೆಲವೇ ವರ್ಷಗಳಲ್ಲಿ, ಓಲೆಗರಿಗಳಲ್ಲಿದ್ದ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಾಗಿ ಬಂದವು. ಬಸವಪುರಾಣದ ಪಾರಾಯಣ ಕೇಳುತ್ತ ಬೆಳೆದ ನನ್ನಂಥವನಿಗೆ, ಅದನ್ನು ಅಚ್ಚಿಗೆ ತಂದವರು ಬೇರೆ ಧರ್ಮವನ್ನು ಸಾರಲು ಬಂದ ಒಬ್ಬ ಜರ್ಮನ್ ಬೋಧಕ ಎಂಬುದು ಸಣ್ಣ ಮಾತಲ್ಲ. ತನ್ನ ಹುಡುಗರು ಯಾವ ಜನರ ನಡುವೆ ಹೋಗಬೇಕೋ ಆ ಜನರ ಮನಸ್ಸನ್ನು ಅವರದೇ ಪುಸ್ತಕಗಳಿಂದ ತಿಳಿಯಬೇಕು ಎಂಬುದು ಅವರ ನಂಬಿಕೆ.

ಈ ಕಥೆಯಲ್ಲಿ ನೋವೂ ಇದೆ, ಅದನ್ನು ಮುಚ್ಚಿಡಬಾರದು. 1844ರ ಜನವರಿಯಲ್ಲಿ ಮೋಗ್ಲಿಂಗ್ ಅವರ ಇಂಗ್ಲಿಷ್ ಶಾಲೆಯ ಮೂವರು ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಗಲಭೆಯೆದ್ದಿತು. ಮಕ್ಕಳನ್ನು ಕಳಕೊಂಡೆವೆಂದು ಮನೆಗಳು ಗೋಳಿಟ್ಟವು, ಎಷ್ಟೋ ಜನ ತಮ್ಮ ಹುಡುಗರನ್ನು ಶಾಲೆ ಬಿಡಿಸಿದರು. ಆ ತಂದೆತಾಯಿಗಳ ಸಂಕಟವೂ ನಿಜ, ಆ ತರುಣರ ನಿರ್ಧಾರವೂ ನಿಜ. ಎರಡನ್ನೂ ಇಂದು ಗೌರವದಿಂದ ನೋಡಬೇಕು. ಆ ಮೂವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. 1846ರಲ್ಲಿ ಮೋಗ್ಲಿಂಗ್ ತಾಯ್ನಾಡಿಗೆ ಹೋಗುವಾಗ ಇವರನ್ನೂ ಕರೆದುಕೊಂಡು ಹೋದರು. ಕಡಲು ದಾಟುವುದೇ ದೋಷವೆಂದು ತಿಳಿಯುತ್ತಿದ್ದ ಮನೆತನದ ಹುಡುಗ, ಹಿಮ ಬೀಳುವ ಬಾಸೆಲ್ಲಿನಲ್ಲಿ ಜರ್ಮನ್ ಕಲಿತು, ಅಲ್ಲಿಯ ಹುಡುಗರ ಸಾಲಿನಲ್ಲಿ ಕೂತು ಓದಿ, 1851ರಲ್ಲಿ ಬೋಧಕರಾಗಿ ದೀಕ್ಷೆ ಪಡೆದು ಮರಳಿ ಬಂದರು. ಬಲ್ಮಠದಲ್ಲಿ ಜರ್ಮನ್ ಗುರು ಏನನ್ನು ಕಲಿತಿದ್ದರೋ ಅದನ್ನೇ ಬಾಸೆಲ್ಲಿನಲ್ಲಿ ಕನ್ನಡನಾಡಿನ ಶಿಷ್ಯ ಕಲಿಯಬೇಕಾಯಿತು. ಆದರೆ ಅವರು ಒಂಟಿಯಾಗಿ ಹೋಗಲಿಲ್ಲ. ಕೈ ಹಿಡಿದು ಕರೆದೊಯ್ದ ಗುರುವಿಗೆ ಪರಕೀಯನಾಗಿ ಬದುಕುವುದೆಂದರೆ ಏನೆಂಬುದು ತನ್ನ ಮೈಯಿಂದಲೇ ಗೊತ್ತಿತ್ತು.

ಜನರನ್ನು ಅರಿಯದೆ ಮುಂದಡಿಯಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಗದಗದ ಹತ್ತಿರದ ಮಲ್ಲಸಮುದ್ರ ಸಾಕ್ಷಿ. ಕಾಲಜ್ಞಾನವನ್ನು ನಂಬಿದ ಕೆಲವರು ಮಿಷನರಿಗಳತ್ತ ಒಲವು ತೋರಿಸಿದಾಗ, 1841ರ ಸುಮಾರಿಗೆ, ಅವರಿಗಾಗಿ ಅಲ್ಲಿ ಒಕ್ಕಲುತನದ ಹೊಸ ನೆಲೆ ಕಟ್ಟಲು ಹೊರಟರು. ಬಂದವರು ತಮ್ಮ ಭವಿಷ್ಯವಾಣಿಯ ಕಣ್ಣಿನಿಂದ ನೋಡಿದರು, ಮಿಷನರಿಗಳು ತಮ್ಮ ಆಸೆಯ ಕಣ್ಣಿನಿಂದ ನೋಡಿದರು. ಆ ಪ್ರಯತ್ನ ಕೈಗೂಡಲಿಲ್ಲ.

ಇನ್ನು ಕಿಟ್ಟೆಲ್. ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಬೇಕು, ಜನರ ಹಾಗೆಯೇ ಬದುಕಬೇಕು ಎಂಬ ಹಟ ಈ ತರುಣನದು. ಹಿರಿಯರಿಗೆ ಅದು ಹಿಡಿಸಲಿಲ್ಲ. ಅವರ ಭಯಕ್ಕೂ ಆಧಾರವಿತ್ತು. ಜ್ವರ, ಆಮಶಂಕೆ, ಕಾಲರಾ ಯಾರನ್ನು ಯಾವಾಗ ಒಯ್ಯುತ್ತವೆಂದು ಹೇಳುವಂತಿರಲಿಲ್ಲ. ಕನ್ನಡ ಬೈಬಲಿಗಾಗಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ಹೆಂಡತಿ ಪೌಲೀನೆಯನ್ನು ಮುಂದೆ ಮೋಗ್ಲಿಂಗ್ ಮದುವೆಯಾದರು. ಕಿಟ್ಟೆಲ್ ಅವರ ಮೊದಲ ಹೆಂಡತಿ, ಅವರ ಹೆಸರೂ ಪೌಲೀನೆಯೇ, 1860ರಲ್ಲಿ ಮದುವೆಯಾಗಿ 1864ರಲ್ಲೇ ತೀರಿಹೋದರು. ಕಾಯಿಲೆ ಬಿದ್ದವರು ಸುಧಾರಿಸಿಕೊಳ್ಳಲಿ ಎಂದು ನೀಲಗಿರಿಯ ಕೇಟಿಯಲ್ಲಿ ತಂಪು ಹವೆಯ ನೆಲೆಯೊಂದನ್ನು ಮಿಷನ್ ಮಾಡಿಕೊಂಡಿತ್ತು. ನಾಯಕತ್ವವೆಂದರೆ ಬರೀ ಕೆಲಸ ಹಂಚುವುದಲ್ಲ, ಮೈಯನ್ನೂ ಮನಸ್ಸನ್ನೂ ಕಾಯುವುದು ಎಂಬ ಅರಿವು ಸಾವುಗಳನ್ನು ಕಂಡೇ ಬಂತು.

ಹಿರಿಯರಿಗೆ ಹಿಡಿಸದ ಆ ಹಟವೇ ಕಿಟ್ಟೆಲ್ ಅವರನ್ನು ನುಡಿಯ ಒಳಮನೆಗೆ ಕರೆದೊಯ್ದಿತು. ಸುಮಾರು ಎರಡು ದಶಕಗಳ ದುಡಿಮೆಯಿಂದ 1894ರಲ್ಲಿ ಮಂಗಳೂರಿನ ಮಿಷನ್ ಅಚ್ಚುಕೂಟದಿಂದ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದನ್ನು ಬಿಡಿಸಿದಾಗಲೆಲ್ಲ ನಾನು ಗಮನಿಸುವುದು ಗಾದೆಗಳನ್ನು. ಒಂದು ಶಬ್ದಕ್ಕೆ ಅರ್ಥ ಕೊಟ್ಟು, ಕಾವ್ಯಗಳಲ್ಲಿ ಅದು ಎಲ್ಲಿ ಬಂದಿದೆಯೆಂದು ತೋರಿಸಿ, ಅದರ ಬೆನ್ನಿಗೇ ಜನ ಆಡುವ ಗಾದೆಯನ್ನೂ ಇಡುತ್ತಾರೆ. ಪಂಡಿತನ ಶಬ್ದವೂ ಒಕ್ಕಲಿಗನ ಮಾತೂ ಒಂದೇ ಕಾಲಮ್ಮಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ಕೂತಿರುತ್ತವೆ. ಜನರ ನಡುವೆ ಹೋಗಿ ಕೂತು ಕಲಿತವನ ಗುರುತು ಅದು.

ನಮ್ಮ ಮಠಗಳೂ ಈ ವಿದ್ಯೆಯನ್ನು ಬಲ್ಲವು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರ ಕಟ್ಟಿದಾಗ, ಚಿಕ್ಕ ವಯಸ್ಸಿನ ವಟುಗಳನ್ನು ಒಂದು ಕಡೆ ಸೇರಿಸಿ, ಮುಂದೆ ಊರೂರಿನ ಮಠಗಳಿಗೆ ಹೋಗಿ ನಿಲ್ಲುವಂತೆ ತಯಾರು ಮಾಡುವುದು ಅವರ ಗುರಿಯಾಗಿತ್ತು. ಗಡಿ ಭಾಗದ ಮಠಕ್ಕೆ ಬರುವ ಎಳೆಯ ಸ್ವಾಮಿಗೆ ಕನ್ನಡದಲ್ಲಿ ಪ್ರವಚನ ಹೇಳಿದರೆ ಸಾಲದು, ಮರಾಠಿ ಭಕ್ತರ ಸುಖದುಃಖವೂ ತಿಳಿಯಬೇಕು. ಇಂದು ಪರದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಅರ್ಚಕರನ್ನು, ಸ್ವಾಮಿಗಳನ್ನು ಕರೆಸಿಕೊಳ್ಳುತ್ತವೆ. ಹೋಗುವವರಲ್ಲಿ ಇಪ್ಪತ್ತು ದಾಟಿದ ಹುಡುಗರಿದ್ದಾರೆ. ಅವರಿಗೆ ಮಂತ್ರ ಗೊತ್ತು, ಶಾಸ್ತ್ರ ಗೊತ್ತು. ಚಳಿಗಾಲದ ಸಂಜೆಯ ಒಂಟಿತನ ಗೊತ್ತಿಲ್ಲ.

ಅಂಥವರನ್ನು ಕಳಿಸುವ ಮಠ, ಮಿಷನ್, ಸಂಘಗಳಿಗೆ ನನ್ನ ವಿನಂತಿ ಇದು. ನಿಯಮ ಬರೆದು ಕೊಡಿ, ಬೇಡವೆನ್ನುವುದಿಲ್ಲ. ಅದಕ್ಕಿಂತ ಮೊದಲು ಒಬ್ಬ ಹಿರಿಯರನ್ನು ಆರಿಸಿ. ಅವರು ತಾವೇ ಪರಕೀಯರಾಗಿ ಬದುಕಿ, ಆ ನಾಡಿನ ನುಡಿಯನ್ನು ಕಷ್ಟಪಟ್ಟು ಕಲಿತವರಾಗಿರಲಿ. ಮೊದಲ ಒಂದು ವರ್ಷ ಆ ಹುಡುಗರ ಜೊತೆ ಒಂದೇ ಮನೆಯಲ್ಲಿ ಇರಲಿ, ಒಂದೇ ಅಡುಗೆ ಉಣ್ಣಲಿ. ಹುಡುಗನ ಕೆಲಸದ ಲೆಕ್ಕ ಕೇಳುವ ಮೊದಲು ಅವನ ನಿದ್ದೆ, ಊಟ, ಊರಿನ ನೆನಪು ಕೇಳಲಿ. ಹುಡುಗ ಅಲ್ಲಿಯ ಜನರನ್ನು ಹೆಚ್ಚು ಹಚ್ಚಿಕೊಂಡರೆ ಅದನ್ನು ತಪ್ಪೆಂದು ತಡೆಯದಿರಲಿ. ಬಲ್ಮಠದ ಗುಡ್ಡದ ಮೇಲೆ ಇಂದಿಗೂ ಕರ್ನಾಟಕ ಥಿಯಲಾಜಿಕಲ್ ಕಾಲೇಜು ನಡೆಯುತ್ತಿದೆ, ಕಿಟ್ಟೆಲ್ ನಿಘಂಟನ್ನು ಇಂದಿಗೂ ತೆರೆಯುತ್ತೇವೆ. ಎರಡಕ್ಕೂ ಬುಡವಾದದ್ದು ಈ ನೆಲದಲ್ಲಿ ಕೂತು ಕಲಿತ ಗುರುಗಳ ಬದುಕು. ಕಳಿಸುವವರು ಇದಿಷ್ಟನ್ನು ಮನಸ್ಸಿಗೆ ತಂದುಕೊಂಡರೆ ನಮ್ಮ ಹುಡುಗರು ಹೋದ ಕಡೆ ಬಾಳುತ್ತಾರೆ, ಅವರನ್ನು ಬರಮಾಡಿಕೊಂಡ ಜನರಿಗೂ ಒಳಿತಾಗುತ್ತದೆ.