ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಹೊಲದಲ್ಲಿ ಬೇಸಾಯದ ಶಿಕ್ಷಣ

ಹೊಲವುಳ್ಳ ಮನೆಯ ಹುಡುಗನು ಹತ್ತು ವರುಷ ಶಾಲೆಗೆ ಹೋಗಿ ಬಂದರೂ, ಬಿತ್ತನೆಯ ರಾಗಿಯಲ್ಲಿ ನೂರಕ್ಕೆ ಎಷ್ಟು ಕಾಳು ಮೊಳೆಯುವುವೆಂದು ಕೇಳಿದರೆ ಉತ್ತರ ಹೇಳಲಾರದೆ ನಿಲ್ಲುವುದುಂಟು. ಓದು ಬಲ್ಲವನಿಗೆ ಬೇಸಾಯ ಬಾರದು, ಬೇಸಾಯ ಬಲ್ಲವನಿಗೆ ಲೆಕ್ಕಪತ್ರ ಬಾರದು ಎಂಬಂತಾದರೆ ಹಿಡುವಳಿಗೆ ಉತ್ತರಾಧಿಕಾರಿಯು ಇದ್ದೂ ಇಲ್ಲದಂತೆಯೇ ಸರಿ. ಇಂತಹ ಮನೆಗಳ ಭೂಮಿಯು ಮುಂದೆ ಪರರ ಗುತ್ತಿಗೆಗೆ ಹೋಗುವುದು, ಇಲ್ಲವೆ ಬೀಳು ಬೀಳುವುದು. ಇದರ ಪರಿಹಾರವು ಬಹುಮಟ್ಟಿಗೆ ಊರ ಯಜಮಾನರ ಮತ್ತು ಹಿಡುವಳಿದಾರರ ಕೈಯಲ್ಲಿಯೇ ಇರುತ್ತದೆ.

ಪದ್ಧತಿಯ ಹುಟ್ಟು

ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ನಾರ್ತಾಂಪ್ಟನ್ ಎಂಬಲ್ಲಿಯ ವ್ಯವಸಾಯ ಶಾಲೆಗೆ ೧೯೦೮ರಲ್ಲಿ ಮುಖ್ಯಸ್ಥರಾಗಿ ಬಂದ ರೂಫಸ್ ಸ್ಟಿಮ್ಸನ್ ಎಂಬವರು ಒಂದು ಹೊಸ ಕ್ರಮವನ್ನು ಆಚರಣೆಗೆ ತಂದರು. ವಿದ್ಯಾರ್ಥಿಯು ತನ್ನ ಮನೆಯ ಹೊಲದಲ್ಲಿಯೇ ಒಂದು ಬೆಳೆಯನ್ನೋ ಸಾಕುಪ್ರಾಣಿಯನ್ನೋ ತನ್ನ ಹೊಣೆಯ ಮೇಲೆ ನೋಡಿಕೊಂಡು, ಲೆಕ್ಕವಿಡತಕ್ಕದ್ದು. ಉಪಾಧ್ಯಾಯರು ಅಲ್ಲಿಗೇ ಬಂದು ನೋಡಿ ತಿದ್ದತಕ್ಕದ್ದು. ೧೯೧೭ರಲ್ಲಿ ಆ ದೇಶದವರು ಮಾಡಿದ ಕಾಯಿದೆಯು, ಸರ್ಕಾರದ ಸಹಾಯದಿಂದ ವ್ಯವಸಾಯ ಕಲಿಸುವ ಶಾಲೆಗಳ ವಿದ್ಯಾರ್ಥಿಗಳಿಗೆ ವರುಷಕ್ಕೆ ಆರು ತಿಂಗಳಿಗೆ ಕಡಮೆಯಿಲ್ಲದಂತೆ ಹೊಲದ ಅಭ್ಯಾಸವಿರಬೇಕೆಂದು ವಿಧಿಸಿತು.

ನಮ್ಮ ನಾಡಿಗೂ ಇದು ಹೊಸದಲ್ಲ. ಪ್ರಯೋಗ ಕ್ಷೇತ್ರವಿದ್ದ ಹೆಬ್ಬಾಳದಲ್ಲಿ ೧೯೧೩ರಲ್ಲಿಯೇ ವ್ಯವಸಾಯ ಶಾಲೆಯು ಏರ್ಪಟ್ಟಿತು. ೧೯೩೭ರ ವಾರ್ಧಾ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧಿಯವರು ಕೈಕೆಲಸದ ಮೂಲಕವೇ ವಿದ್ಯೆ ಕಲಿಸಬೇಕೆಂಬ ಮತವನ್ನು ದೇಶದ ಮುಂದಿಟ್ಟರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸಬುದಾರರ ಬಳಿ ಕಲಿಯಬೇಕೆಂದೂ, ಆರರಿಂದ ಹನ್ನೆರಡನೆಯ ತರಗತಿಯವರಿಗೆ ರಜಾದಿನಗಳಲ್ಲಿಯೂ ಇಂತಹ ಅವಕಾಶ ದೊರೆಯಬಹುದೆಂದೂ ಹೇಳಿದೆ. ಕಲಿಸತಕ್ಕ ಕಸಬುದಾರನು ನಮ್ಮ ಗ್ರಾಮಗಳಲ್ಲಿ ರೈತನಲ್ಲದೆ ಮತ್ತಾರು?

ನಡೆಸತಕ್ಕ ಕ್ರಮ

ಇದಕ್ಕೆ ಹೆಚ್ಚು ಭೂಮಿ ಬೇಡ. ಮಗ್ಗುಲು ಮಗ್ಗುಲಾದ ಎರಡು ಗುಂಟೆ ಸಾಕು. ಒಂದರಲ್ಲಿ ಊರಿನ ವಾಡಿಕೆಯಂತೆಯೂ ಮತ್ತೊಂದರಲ್ಲಿ ಇಲಾಖೆಯ ಸಲಹೆಯಂತೆಯೂ ರಾಗಿಯನ್ನು ಬೆಳೆಯಿಸಬೇಕು.

ಬೇಸಗೆಯ ರಜೆಯಲ್ಲಿ, ಗೊಬ್ಬರ ಹಾಕುವುದಕ್ಕೆ ಮೊದಲು, ಮಣ್ಣಿನ ಮಾದರಿಯನ್ನು ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆಯ ಮಗ್ಗುಲು ಇವನ್ನು ಬಿಟ್ಟು, ಎಂಟು ಹತ್ತು ಕಡೆ ಆರು ಅಂಗುಲ ಆಳದ ಗುಳಿ ತೋಡಿ, ಗುಳಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳನ್ನು ತೆಗೆದು ಬೆರಸಬೇಕು. ಬೆರಸಿದ ಮಣ್ಣನ್ನು ನಾಲ್ಕು ಪಾಲುಮಾಡಿ ಎದುರುಬದುರಿನ ಎರಡು ಪಾಲನ್ನು ಬಿಡುತ್ತ, ಅರ್ಧ ಕಿಲೋಗ್ರಾಮು ಉಳಿಯುವವರೆಗೆ ಹೀಗೆಯೇ ಮಾಡಿ ಪರೀಕ್ಷೆಗೆ ಕಳುಹಿಸಬೇಕು.

ಬಿತ್ತುವುದಕ್ಕೆ ಮುಂಚೆ ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ತೇವವಾರದಂತೆ ಇಟ್ಟು, ಎಂಟನೆಯ ದಿನ ಮೊಳಕೆಗಳನ್ನು ಎಣಿಸಬೇಕು. ಪ್ರಮಾಣಿತ ರಾಗಿಬೀಜಕ್ಕೆ ನೂರಕ್ಕೆ ೭೫ ಮೊಳಕೆಯಾದರೂ ಇರಬೇಕೆಂಬುದು ನಿಯಮ. ಇದಕ್ಕಿಂತ ಕಡಮೆಯಾದರೆ ಬೇರೆ ಬೀಜವನ್ನು ತರುವುದೇ ಲೇಸು. ಈ ಒಂದು ಪರೀಕ್ಷೆಯು ಮನೆಯ ಯಾವತ್ತೂ ಹೊಲದ ಬಿತ್ತನೆಯನ್ನು ಉಳಿಸಬಲ್ಲದು.

ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯಿಲು ಇವಕ್ಕೆ ತಗುಲಿದ ವೆಚ್ಚವನ್ನೂ, ತನ್ನ ದುಡಿಮೆಯ ಗಂಟೆಗಳನ್ನೂ ವಿದ್ಯಾರ್ಥಿಯು ಆಯಾ ದಿನವೇ ಬರೆದಿಡಬೇಕು. ನಾಲ್ವತ್ತು ಗುಂಟೆಗೆ ಒಂದು ಎಕರೆಯಾದುದರಿಂದ, ಗುಂಟೆಯ ಇಳುವರಿಯನ್ನೂ ಖರ್ಚನ್ನೂ ನಾಲ್ವತ್ತರಿಂದ ಗುಣಿಸಿದರೆ ಎಕರೆಯ ಅಂದಾಜು ದೊರೆಯುವುದು. ಶಾಲೆಯ ಗಣಿತವು ಕಣದಲ್ಲಿ ಉಪಯೋಗಕ್ಕೆ ಬರುವುದು ಹೀಗೆ.

ಎಚ್ಚರಿಕೆ

ವಿದ್ಯಾರ್ಥಿಯು ಕೂಲಿಯಾಳಲ್ಲ. ದಿನವೆಲ್ಲಾ ಕಳೆ ಕೀಳಿಸಿ ಸಂಜೆ ಮನೆಗೆ ಕಳುಹಿಸಿದರೆ ಅದು ಶಿಕ್ಷಣವಾಗದು. ಹದಿನಾಲ್ಕು ವರುಷ ತುಂಬದವರನ್ನು ಕೆಲಸಕ್ಕಿಡುವುದನ್ನೂ, ಹದಿನೆಂಟು ತುಂಬದವರನ್ನು ಅಪಾಯದ ಕೆಲಸಗಳಲ್ಲಿ ತೊಡಗಿಸುವುದನ್ನೂ ೨೦೧೬ರಲ್ಲಿ ತಿದ್ದುಪಡಿಯಾದ ಕಾಯಿದೆಯು ನಿಷೇಧಿಸುತ್ತದೆ. ಕ್ರಿಮಿನಾಶಕವನ್ನು ಬೆರಸುವುದು, ಸಿಂಪಡಿಸುವುದು, ಒಕ್ಕಣೆಯ ಯಂತ್ರಕ್ಕೆ ತೆನೆ ಕೊಡುವುದು ಇವನ್ನು ಮಕ್ಕಳಿಂದ ಎಷ್ಟು ಮಾತ್ರವೂ ಮಾಡಿಸಕೂಡದು. ಆ ಎರಡು ಗುಂಟೆಯ ಫಲವು ವಿದ್ಯಾರ್ಥಿಗೇ ಸೇರುವಂತೆ ಮೊದಲೇ ಮಾತಾಗಿರುವುದು ಒಳ್ಳೆಯದು. ತನ್ನದೆಂಬ ಅಭಿಮಾನವಿಲ್ಲದೆ ಹೊಣೆ ಹುಟ್ಟದು.

ಯಜಮಾನರು ಮಾಡಬೇಕಾದುದು

ಊರ ಯಜಮಾನರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಡನೆ ಮಾತನಾಡಿ, ತಂದೆತಾಯಿಗಳ ಒಪ್ಪಿಗೆ ಪಡೆದು, ಒಬ್ಬೊಬ್ಬ ಹಿಡುವಳಿದಾರರಿಗೆ ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಒಪ್ಪಿಸುವ ಏರ್ಪಾಡು ಮಾಡಬಹುದು. ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡಬಾರದು. ಬೀಜ ಹಸನು ಮಾಡುವುದರಲ್ಲಿಯೂ ಹೈನಿನಲ್ಲಿಯೂ ಮನೆಯ ಹೆಂಗಸರ ಕೈಯೇ ಮುಂದು. ಭೂಮಿಯಿಲ್ಲದವರ ಮಕ್ಕಳಿಗೆ ಮೊದಲ ಅವಕಾಶವನ್ನು ಕೊಟ್ಟರೆ ಇನ್ನೂ ಉತ್ತಮ, ಏಕೆಂದರೆ ಸ್ವಂತ ಹೊಲದಲ್ಲಿ ಕಲಿಯುವ ದಾರಿಯು ಅವರಿಗಿಲ್ಲ. ಕೊಯಿಲಾದ ಮೇಲೆ ಎರಡು ಗುಂಟೆಗಳ ರಾಗಿಯನ್ನು ಊರವರ ಮುಂದೆಯೇ ತೂಗಿಸಿ, ಲೆಕ್ಕವನ್ನು ವಿದ್ಯಾರ್ಥಿಯಿಂದಲೇ ಓದಿಸಬೇಕು. ಆಗ ಕಲಿಯುವವರು ಮಕ್ಕಳು ಮಾತ್ರವಲ್ಲ, ನೋಡುವ ಹಿರಿಯರೂ ಹೌದು.

ಬರುವ ಮುಂಗಾರಿಗೆ ಮುನ್ನವೇ ಪ್ರತಿಯೊಂದು ಗ್ರಾಮದಲ್ಲಿ ಒಬ್ಬ ಹಿಡುವಳಿದಾರರಾದರೂ ಎರಡು ಗುಂಟೆಯನ್ನು ಇದಕ್ಕಾಗಿ ಬಿಟ್ಟುಕೊಟ್ಟರೆ ಕಾರ್ಯಕ್ಕೆ ಆರಂಭವಾಗುವುದು.